ಕಬ್ಬಿನ ಕಾಟಾದ ಮೇಲೆ ಸಿ ಭಾಷೆಯ ಸ್ಟ್ಯಾಂಡರ್ಡ್

ಮುಧೋಳ, ಜಮಖಂಡಿ ಕಡೆ ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಗಾಡಿ ತೂಗುವ ಕಾಟಾಕ್ಕೆ ಹಗಲು ರಾತ್ರಿ ಬಿಡುವಿಲ್ಲ. ಕಾಟಾದ ಇಂಡಿಕೇಟರ್ ಕಳಿಸುವ ತೂಕವನ್ನು ಸೀರಿಯಲ್ ಕೇಬಲ್‌ನಿಂದ ಓದಿ, ಖಾಲಿ ಗಾಡಿಯ ತೂಕ ಕಳೆದು, ರೈತನ ಕೈಗೆ ಚೀಟಿ ಕೊಡುವ ಸಿ ಪ್ರೋಗ್ರಾಂ ಒಂದನ್ನು ಡಾಸ್ ಕಾಲದ ಟರ್ಬೊ ಸಿ ಕಂಪೈಲರ್‌ನಿಂದ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನ) ಲಿನಕ್ಸ್‌ಗೆ ತಂದ ಕ್ರಮ ಇದು. ಕಚೇರಿಯ ಪಿಸಿಯಲ್ಲೂ ಕಾಟಾ ಕೋಣೆಯ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲೂ ಅದು ಒಂದೇ ಉತ್ತರ ಕೊಡಬೇಕು. ಸಿ ಭಾಷೆಯ ಅಧಿಕೃತ ನಿಯಮಗಳಿಗೆ ಸ್ಟ್ಯಾಂಡರ್ಡ್ ಎನ್ನುತ್ತಾರೆ. ‘ಸ್ಟ್ಯಾಂಡರ್ಡ್ ಬಿಟ್ಟು ಒಂದಕ್ಷರ ಬರೆಯಬಾರದು’ ಎನ್ನುವವರಿದ್ದಾರೆ, ‘ಓಡಿದರೆ ಸಾಕು’ ಎನ್ನುವವರೂ ಇದ್ದಾರೆ. ಇಲ್ಲಿ ಎರಡು ಮಾತಿನ ನಷ್ಟವನ್ನೂ ರೂಪಾಯಿಯಲ್ಲಿ ಲೆಕ್ಕ ಹಾಕಬಹುದು.

ಮೊದಲು ಇಂಟ್, ಅಂದರೆ ಪೂರ್ಣಾಂಕ ಇಡುವ ಜಾಗ. ಟರ್ಬೊ ಸಿಯಲ್ಲಿ ಅದು 16 ಬಿಟ್. 1989ರ ಆನ್ಸಿ ಸಿ ಇಂದ ಇಂದಿನವರೆಗೂ ಸ್ಟ್ಯಾಂಡರ್ಡ್ ಕೊಡುವ ಭರವಸೆಯೂ ಅಷ್ಟೇ, 32,767ರವರೆಗೆ. ತುಂಬಿದ ಲಾರಿ 34,560 ಕೆಜಿ ತೂಗಿದರೆ ಅಲ್ಲಿ −30,976 ಕಾಣುತ್ತದೆ. ಇದು ಕಣ್ಣಿಗೆ ಹೊಡೆಯುವ ತಪ್ಪು, ಯಾರಾದರೂ ಹಿಡಿಯುತ್ತಾರೆ. ಹಿಡಿಯಲಾಗದ್ದು 32 ಬಿಟ್‌ಗೆ ಬಂದ ಮೇಲೆ ಕಾದಿರುತ್ತದೆ.

ನಿವ್ವಳ ತೂಕ 18,450 ಕೆಜಿ, ದರ ಟನ್ನಿಗೆ 3,400 ರೂಪಾಯಿ ಅನ್ನಿ. ದರವನ್ನು ಪೈಸೆಯಲ್ಲಿಟ್ಟರೆ 3,40,000. ತೂಕಕ್ಕೆ ಗುಣಿಸಿ 1,000ದಿಂದ ಭಾಗಿಸಬೇಕು. ಗುಣಲಬ್ಧ 627 ಕೋಟಿ 30 ಲಕ್ಷ. 32 ಬಿಟ್ ಇಂಟ್‌ನ ಮಿತಿ 214 ಕೋಟಿ ಚಿಲ್ಲರೆ. ಅಂಕಿ ಒಂದು ಸುತ್ತು ಹೊಡೆದು 197,80,32,704 ಆಗುತ್ತದೆ. ಭಾಗಿಸಿದರೆ ಬಿಲ್ಲು 19,780 ರೂಪಾಯಿ 32 ಪೈಸೆ. ಬರಬೇಕಾದದ್ದು 62,730. ಮೈನಸ್ ಚಿಹ್ನೆ ಇಲ್ಲ, ಎರರ್ ಇಲ್ಲ, ನೋಡಲು ಸಭ್ಯವಾದ ಅಂಕಿ. ರೈತನಿಗೆ ಮಾತ್ರ ನಲವತ್ತೆರಡು ಸಾವಿರಕ್ಕೂ ಮೇಲೆ ಖೋತಾ.

ಇದರಲ್ಲೊಂದು ಚೋದ್ಯವಿದೆ. 3,40,000 ಎಂಬ ದರವನ್ನು ಕೋಡಿನಲ್ಲೇ ಬರೆದು ಪರೀಕ್ಷಿಸಿದರೆ ಲಿನಕ್ಸ್‌ನ ಜಿಸಿಸಿ ಕಂಪೈಲರ್ ಸರಿಯಾದ ಉತ್ತರವನ್ನೇ ಕೊಡುತ್ತದೆ! ಸೈನ್ಡ್ (ಮೈನಸ್ಸೂ ಹಿಡಿಸುವ) ಅಂಕಿ ಮಿತಿ ಮೀರುವುದು ಸ್ಟ್ಯಾಂಡರ್ಡ್ ಪ್ರಕಾರ ಅನ್‌ಡಿಫೈನ್ಡ್ (ಫಲ ಇಂಥದ್ದೆಂದು ಹೇಳಿಲ್ಲ), ಅಂದರೆ ಮೀರುವುದೇ ಇಲ್ಲ ಎಂದು ಕಂಪೈಲರ್ ನಂಬಬಹುದು. ಹಾಗೆ ನಂಬಿ ಅದು ಗುಣಾಕಾರ, ಭಾಗಾಕಾರ ಎರಡನ್ನೂ ಕೂಡಿಸಿ ‘ತೂಕ ಗುಣಿಸು 340’ ಮಾಡಿಬಿಡುತ್ತದೆ. ದರವನ್ನು ಫೈಲಿನಿಂದ ಓದಿದ ದಿನ ಆ ಉಪಕಾರ ನಿಲ್ಲುತ್ತದೆ. ಟೇಬಲ್ ಮೇಲೆ ಪಾಸಾಗಿ ಕಾಟಾದ ಮೇಲೆ ಫೇಲಾಗುವುದಕ್ಕೆ ಕಾರಣ ಇದು. ‘ಎ ಮತ್ತು ಬಿ ಕೂಡಿಸಿದ್ದು ಎಗಿಂತ ಕಡಿಮೆ ಬಂದರೆ ಎರರ್’ ಎಂದು ಕಾವಲು ಇಟ್ಟರೂ, ಬಿ ಮೈನಸ್ ಅಲ್ಲವೆಂದು ಗೊತ್ತಿದ್ದರೆ ಆಪ್ಟಿಮೈಸೇಷನ್ (ಕೋಡನ್ನು ಚುರುಕುಗೊಳಿಸುವ ಆಯ್ಕೆ) ಹಚ್ಚಿದಾಗ ಆ ಕಾವಲೂ ಮಾಯ.

ಇಂಥಲ್ಲಿ ‘ಎಫ್‌-ರಾಪ್‌-ವಿ’ ಎಂಬ ಕಂಪೈಲರ್ ಆಯ್ಕೆ ಹಾಕಿ ಎನ್ನುವ ಸಲಹೆ ಬರುತ್ತದೆ. ಅದು ಅಂಕಿ ಸುತ್ತು ಹೊಡೆಯುವುದನ್ನು ಖಾತ್ರಿಪಡಿಸುತ್ತದೆ, ಅಷ್ಟೇ. 19,780 ರೂಪಾಯಿಯ ಬಿಲ್ಲು ಖಾಯಂ ಆಗುತ್ತದೆ. ‘ಲಾಂಗ್’ ಕೂಡ ಬೇಡ: 64 ಬಿಟ್ ಲಿನಕ್ಸ್‌ನಲ್ಲಿ ಅದು 64 ಬಿಟ್, ವಿಂಡೋಸ್‌ನಲ್ಲಿ ಮತ್ತು 32 ಬಿಟ್ ಪೈಯಲ್ಲಿ 32. ನಾವು ಹಾಕಿದ್ದು ಸ್ಟ್ಯಾಂಡರ್ಡ್‌ನ 1999ರ ಆವೃತ್ತಿ ಸಿ99 ತಂದ ‘ಇಂಟ್64_ಟಿ’, ಎಲ್ಲೆಡೆ 64 ಬಿಟ್. ಗುಣಿಸುವ ಮುಂಚೆಯೇ ತೂಕವನ್ನು ಅದಕ್ಕೆ ಬದಲಿಸಬೇಕು. ಗುಣಿಸಿದ ಮೇಲೆ ಬದಲಿಸಿದರೆ ಕೆಟ್ಟ ಅಂಕಿಯೇ ದೊಡ್ಡ ಡಬ್ಬಿಗೆ ಹೋಗುತ್ತದೆ. ಇದರ ಜೊತೆಗೆ, ಗುಣಲಬ್ಧ ಮಿತಿ ಮೀರಿತೇ ಎಂದು ನೋಡುವ ಜಿಸಿಸಿಯ ಬಿಲ್ಟ್‌ಇನ್ ಮಲ್ ಓವರ್‌ಫ್ಲೋ ತಪಾಸಣೆ. ಸ್ಟ್ಯಾಂಡರ್ಡ್‌ಗೆ ಹೊರಗಿನದೆಂದು ಅದನ್ನು ಕಡೆಗಣಿಸುತ್ತಿದ್ದವರಿದ್ದರು. ಸಿ23 ಅದೇ ಸೌಲಭ್ಯವನ್ನು ‘ಸಿಕೆಡಿ_ಮಲ್’ ಎಂಬ ಹೆಸರಿನಲ್ಲಿ ಒಳಗೆ ಕರೆದುಕೊಂಡಿತು.

ಸ್ಟ್ಯಾಂಡರ್ಡ್‌ನ ಹಟ ಹಿಡಿದರೆ ಏನಾಗುತ್ತದೆ ಎನ್ನುವುದಕ್ಕೆ ಅಕ್ಷರಸಾಲಿನ ನಕಲು ಮಾಡುವ ‘ಸ್ಟ್ರ್‌ಡಪ್’ ಫಂಕ್ಷನ್ ಸಾಕ್ಷಿ. ಕಂಪೈಲರ್‌ಗೆ ‘ಎಸ್‌ಟಿಡಿ=ಸಿ99’ ಎಂದರೆ ಹೆಡರ್ ಫೈಲುಗಳು ಪಾಸಿಕ್ಸ್ (ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಸ್ಟ್ಯಾಂಡರ್ಡ್) ಫಂಕ್ಷನ್‌ಗಳನ್ನು ಬಚ್ಚಿಡುತ್ತವೆ. ಸ್ಟ್ರ್‌ಡಪ್‌ನ ಘೋಷಣೆ ಕಾಣದಿದ್ದರೆ ಹಳೆಯ ಜಿಸಿಸಿ ಒಂದು ವಾರ್ನಿಂಗ್ ಕೊಟ್ಟು, ಅದು ಇಂಟ್ ಕೊಡುತ್ತದೆಂದು ಭಾವಿಸಿ ಮುಂದೆ ಹೋಗುತ್ತದೆ. 64 ಬಿಟ್ ಪಾಯಿಂಟರ್‌ನ (ಮೆಮೊರಿ ವಿಳಾಸದ) ಅರ್ಧ ಕತ್ತರಿಸಿ ಹೋಗಿ ಪ್ರೋಗ್ರಾಂ ಕುಸಿಯುತ್ತದೆ. 2024ರ ಜಿಸಿಸಿ 14ರಿಂದ ಅದು ನೇರ ಎರರ್, ಒಳ್ಳೆಯದೇ ಆಯಿತು.

ಆದ್ದರಿಂದ ಕೋಡನ್ನು ಎರಡು ಪಾಲು ಮಾಡಿದೆವು. ತೂಕ, ದರ, ಕಡಿತದ ಲೆಕ್ಕ ಒಂದು ಫೈಲಿನಲ್ಲಿ; ಅದಕ್ಕೆ ‘ಸಿ11’ ಜೊತೆ ನಿಯಮ ಮೀರಿದರೆ ಎರರ್ ಕೊಡುವ ‘ಪೆಡಾಂಟಿಕ್ ಎರರ್ಸ್’, ಮಾತುಕತೆಯೇ ಇಲ್ಲ. ಪೋರ್ಟ್, ಪ್ರಿಂಟರ್ ಮುಟ್ಟುವುದು ಇನ್ನೊಂದರಲ್ಲಿ, ಅದಕ್ಕೆ ಜಿಸಿಸಿಯ ಸ್ವಂತ ಸೇರ್ಪಡೆಗಳೂ ಇರುವ ‘ಜಿಎನ್‌ಯು11’. ಲಿನಕ್ಸ್ ಕರ್ನಲ್ 5.18ರಿಂದ ನಡೆಯುತ್ತಿರುವುದೂ ಜಿಎನ್‌ಯು11ರಲ್ಲೇ.

ಪೋರ್ಟ್‌ನ ವಿಷಯದಲ್ಲಿ ಸಿ ಸ್ಟ್ಯಾಂಡರ್ಡ್ ಬಾಯೇ ಬಿಡುವುದಿಲ್ಲ, ಸೀರಿಯಲ್ ಪೋರ್ಟ್ ಎಂಬುದೇ ಅದರಲ್ಲಿಲ್ಲ. ನಮ್ಮ ಇಂಡಿಕೇಟರ್ 9600 ಬಾಡ್, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಫ್ರೇಮ್ (ಒಂದು ಸಲದ ತೂಕದ ಸಂದೇಶ) 2 ಎಂಬ ಬೆಲೆಯ ಬೈಟಿನಿಂದ ಶುರು, ನಡುವೆ ಆರು ಅಂಕಿ, 3 ಎಂಬ ಬೆಲೆಯ ಬೈಟಿಗೆ ಮುಕ್ತಾಯ. ಬೈಟ್ 3 ಅಂದರೆ ಪ್ರೋಗ್ರಾಂ ನಿಲ್ಲಿಸುವ ಕೀಬೋರ್ಡಿನ ಕಂಟ್ರೋಲ್-ಸಿ! ಪೋರ್ಟ್ ರಾ ಮೋಡ್‌ನಲ್ಲಿ (ಬೈಟ್‌ಗಳನ್ನು ಬಂದಂತೆಯೇ ಕೊಡುವ ರೀತಿ) ಇಲ್ಲದಿದ್ದರೆ ಲಿನಕ್ಸ್ ಅದನ್ನು ನುಂಗಿಬಿಡುತ್ತದೆ, ಫ್ರೇಮ್ ಮುಗಿಯುವುದೇ ಇಲ್ಲ. ಪ್ರೋಗ್ರಾಂ ಸರ್ವಿಸ್ ಆಗಿ ಓಡುತ್ತಿದ್ದು ಪೋರ್ಟ್ ತೆರೆಯುವಾಗ ‘ಒ_ನೊಸಿಟಿಟಿವೈ’ ಆಯ್ಕೆ ಮರೆತಿದ್ದರೆ ಆ ಪೋರ್ಟೇ ಅದರ ಟರ್ಮಿನಲ್ ಆಗಿ, ಗಾಡಿ ತೂಗಿದಾಗ ಪ್ರೋಗ್ರಾಂ ಸಾಯುತ್ತದೆ. ‘ಐಸಿಗ್’, ‘ಐಕ್ಯಾನನ್’, ‘ಎಕೋ’ ಈ ಮೂರು ಟರ್ಮಿನಲ್ ಆಯ್ಕೆಗಳನ್ನೂ ಆಫ್ ಮಾಡಿ. ಒಂದು ರೀಡ್‌ಗೆ ಇಡೀ ಫ್ರೇಮ್ ಬರುತ್ತದೆಂದು ನೆಚ್ಚಬೇಡಿ: 034560ರಲ್ಲಿ 034 ಮಾತ್ರ ಬಂದು 34 ಕೆಜಿ ಅಂತಾಗುತ್ತದೆ. ಬೈಟ್ 2ರಿಂದ ಬೈಟ್ 3ರವರೆಗೆ ಬಂದದ್ದನ್ನು ಬಫರ್‌ನಲ್ಲಿ ಸೇರಿಸಿಟ್ಟು, ನಡುವೆ ಸರಿಯಾಗಿ ಆರು ಅಂಕಿ ಇದ್ದರಷ್ಟೇ ಒಪ್ಪಿ. ಸತತ ಐದು ಫ್ರೇಮ್ ಒಂದೇ ಬಂದರೆ ಗಾಡಿ ಅಲುಗಾಡುತ್ತಿಲ್ಲ ಎಂದರ್ಥ.

ಪಿಸಿಯಿಂದ ಪೈಗೆ ಹೋದಾಗ ತಿರುಗಿ ಬೀಳುವುದು ಒಂದು ಬೈಟ್ ಹಿಡಿಸುವ ‘ಚಾರ್’. ಅದು ಮೈನಸ್ ಹಿಡಿಸುತ್ತದೋ ಇಲ್ಲವೋ ಎಂಬುದನ್ನು ಸ್ಟ್ಯಾಂಡರ್ಡ್ ಕಂಪೈಲರ್‌ಗೆ ಬಿಟ್ಟಿದೆ. ಲಿನಕ್ಸ್‌ನಲ್ಲಿ ಪಿಸಿಗೆ ಸೈನ್ಡ್, ಪೈಯ ಆರ್ಮ್ ಪ್ರೊಸೆಸರ್‌ಗೆ ಅನ್‌ಸೈನ್ಡ್. ಒಂದು ಬೈಟ್ ಓದುವ ‘ಗೆಟ್‌ಸಿ’ ಕೊಟ್ಟದ್ದನ್ನು ಚಾರ್‌ನಲ್ಲಿಟ್ಟು ಇಒಎಫ್‌ಗೆ (ಓದುವುದು ಮುಗಿಯಿತೆಂಬ ಗುರುತು, ಅದೊಂದು ಮೈನಸ್ ಅಂಕಿ) ಹೋಲಿಸಿದರೆ ಪಿಸಿಯಲ್ಲಿ ಮುಗಿಯುವ ಲೂಪ್ ಪೈಯಲ್ಲಿ ಮುಗಿಯುವುದೇ ಇಲ್ಲ. ಮದ್ದು ಸುಲಭ: ಅದನ್ನು ಇಂಟ್‌ನಲ್ಲಿಡಿ. ಮೇಕ್‌ಫೈಲಿನಲ್ಲಿ (ಬಿಲ್ಡ್ ಸೂಚನೆಗಳ ಫೈಲು) ‘ಅನ್‌ಸೈನ್ಡ್ ಚಾರ್’ ಆಯ್ಕೆಯನ್ನೂ ಹಾಕಿದ್ದೇವೆ, ಕರ್ನಲ್ ಕೂಡ 6.2ರಿಂದ ಹಾಗೇ ಮಾಡುತ್ತಿದೆ.

ಚೀಟಿಯ ಮೇಲೆ ರೈತನ ಹೆಸರು ಕನ್ನಡದಲ್ಲಿ ಬರಬೇಕಾದರೆ ಇನ್ನೊಂದು ಗಂಟು. ಪ್ರಿಂಟ್‌ಎಫ್‌ನಲ್ಲಿ 20ರ ಮಿತಿ ಎಂದರೆ 20 ಅಕ್ಷರವಲ್ಲ, 20 ಬೈಟ್. ‘ಮಲ್ಲಪ್ಪ’ ಎನ್ನುವುದು ಯುಟಿಎಫ್-8 ಎಂಬ ಯೂನಿಕೋಡ್ ಬೈಟ್ ರೂಪದಲ್ಲಿ ತಲಾ ಮೂರು ಬೈಟಿನ ಏಳು ಸಂಕೇತ, 21 ಬೈಟ್. ಕೊನೆಯ ‘ಪ’ ಮುರಿದು ಕಸ ಅಚ್ಚಾಗುತ್ತದೆ. 128ರಿಂದ 191ರ ನಡುವಿನ ಬೈಟ್ ಮೇಲೆ ಕತ್ತರಿ ಬಿದ್ದರೆ ಹಿಂದೆ ಸರಿಯಿರಿ ಎಂಬ ನಿಯಮ ಇಂಗ್ಲಿಷಿನ ಪಕ್ಕದ ಭಾಷೆಗಳಿಗೆ ಸಾಕಾದೀತು, ನಮಗೆ ಸಾಲದು: ಆಗ ಉಳಿಯುವುದು ‘ಮಲ್ಲಪ್’. ಕೊನೆಯ ಮೂರು ಬೈಟ್ 224, 179, 141 ಆಗಿದ್ದರೆ ಅದು ಹಲಂತ (ಅರ್ಧಾಕ್ಷರದ ಚಿಹ್ನೆ). ಅದನ್ನೂ ಬಿಟ್ಟರೆ ‘ಮಲ್ಲಪ’ ಎಂದಾದರೂ ಓದಬಹುದು. ನಿಜವಾದ ಪರಿಹಾರ ಹೆಸರಿನ ಜಾಗಕ್ಕೆ 60 ಬೈಟ್ ಕೊಡುವುದು.

ಕಂಪೈಲರ್ ಹೊಸದಾದಾಗ ಒಂದು ಕಿರಿಕಿರಿ ಕಾದಿದೆ. 2025ರ ಜಿಸಿಸಿ 15ರಲ್ಲಿ ಆವೃತ್ತಿ ಏನೂ ಹೇಳದಿದ್ದರೆ ಸಿಗುವುದು ಜಿಎನ್‌ಯು23. ಅಲ್ಲಿ ‘ಬೂಲ್’ ಕೀವರ್ಡ್, ಹಳೆಯ ‘ಟೈಪ್‌ಡೆಫ್ ಇಂಟ್ ಬೂಲ್’ ಎರರ್. ಖಾಲಿ ಕಂಸ ಎಂದರೆ ‘ಆರ್ಗ್ಯುಮೆಂಟ್ ಎಷ್ಟಾದರೂ ಇರಲಿ’ ಎಂಬ ಅರ್ಥ ಹೋಗಿ ‘ಒಂದೂ ಇಲ್ಲ’ ಎಂದಾಗಿದೆ. ಮೇಕ್‌ಫೈಲಿನಲ್ಲಿ ಆವೃತ್ತಿ ಬರೆದಿಟ್ಟಿದ್ದರೆ ಹಂಗಾಮಿನ ನಡುವೆ ಈ ತೊಂದರೆ ಇಲ್ಲ.

ಹೊಸ ಬಿಲ್ಡ್ ಕಾಟಾಕ್ಕೆ ಹೋಗುವ ಮುಂಚೆ ಜಿಸಿಸಿ, ಕ್ಲ್ಯಾಂಗ್ ಎರಡೂ ಕಂಪೈಲರ್‌ಗಳಲ್ಲಿ ಅನ್‌ಡಿಫೈನ್ಡ್ ಸ್ಯಾನಿಟೈಸರ್ (ಅಂಥ ತಪ್ಪು ಹಿಡಿಯುವ ಪರೀಕ್ಷಕ) ಹಚ್ಚಿ, ಸಂಗ್ರಹಿಸಿಟ್ಟ ಫ್ರೇಮ್‌ಗಳನ್ನು ಮತ್ತೆ ಓಡಿಸುತ್ತೇವೆ. ಆ ಫೈಲಿನಲ್ಲಿ 34,560ರ ಲಾರಿ, ನಿವ್ವಳ 18,450ರ ಟ್ರೇಲರ್, ನಡುವೆ ಹರಿದ ಫ್ರೇಮ್ ಒಂದು, ಮಲ್ಲಪ್ಪನ ಹೆಸರು ಇರಲೇಬೇಕು. ದರವನ್ನು ಮಾತ್ರ ಫೈಲಿನಿಂದಲೇ ಓದಿಸಿ.