ಕಪಾಟಿನೊಳಗೊಂದು ಹೆಂಚಿನ ಚೂರು

ಆರಿದ್ರಾ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಗಳಲ್ಲಿ ಮೊದಲು ಬೂಷ್ಟು ಬರುವುದು ಚರ್ಮದ ಚಪ್ಪಲಿಗೆ, ಆಮೇಲೆ ಪುಸ್ತಕಗಳಿಗೆ, ಕಡೆಗೆ ಟ್ರಂಕಿನಲ್ಲಿಟ್ಟ ಸೀರೆಗಳಿಗೆ. ಮೊನ್ನೆ ಬೆಂಗಳೂರಿನಿಂದ ಸೊಸೆ ಫೋನ್ ಮಾಡಿ, "ಅತ್ತೆ, ಬೀರು ಬಾಗಿಲು ತೆಗೆದರೆ ಮುಗ್ಗಲು ವಾಸನೆ, ಏನು ಮಾಡಲಿ?" ಎಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಲವಂಗದೆಣ್ಣೆ ಹೀರಿಸಿ ಬೀರುವಿನೊಳಗೆ ಇಡಲು ಅಂಗೈ ಅಗಲದ ಹೆಂಚಿನ ಚೂರು ಒಂದು ಬೇಕು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಆಮೇಲೆ ಸೋಗೆ, ಹುಲ್ಲಿನ ಮಾಡುಗಳು ಒಂದೊಂದಾಗಿ ಹೆಂಚಿನವಾದವು. ಹಾಗಾಗಿ ನಮ್ಮ ಕಡೆ ಒಡೆದ ಹೆಂಚಿಗೆ ಬರವಿಲ್ಲ. ಪೇಟೆಯವರಿಗೆ ದೀಪಾವಳಿಯ ಮಣ್ಣಿನ ಹಣತೆ ಸಾಕು, ಆದರೆ ಬಣ್ಣ ಬಳಿದದ್ದು, ಹೊಳಪು ಕೊಟ್ಟದ್ದು ಬೇಡ. ಪರೀಕ್ಷೆ ಸುಲಭ: ಮೇಲೊಂದು ತೊಟ್ಟು ನೀರು ಬಿಡಿ. ನೋಡುತ್ತಿದ್ದಂತೆ ಹೀರಿಕೊಂಡರೆ ಅದು ಬೇಕಾದದ್ದು, ಮುತ್ತಿನ ಹಾಗೆ ನಿಂತರೆ ಬೇಡದ್ದು. ಸುಟ್ಟ ಮಣ್ಣಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಮಡಕೆಯ ನೀರು ತಂಪಾಗುವುದೂ ಅವುಗಳ ಮೂಲಕ ಜಿನುಗಿ ಆರುವುದರಿಂದಲೇ.

ಎಲ್ಲರೂ ತಪ್ಪುವುದು ಮುಂದಿನ ಹಂತದಲ್ಲಿ. ಮಳೆಗಾಲದ ಗಾಳಿಯಿಂದಲೇ ಆ ರಂಧ್ರಗಳಲ್ಲಿ ತೇವ ಸೇರಿಕೊಂಡಿರುತ್ತದೆ. ತೇವ ಕೂತಲ್ಲಿ ಎಣ್ಣೆ ಇಳಿಯುವುದಿಲ್ಲ, ಮೇಲೇ ಜಿಡ್ಡಾಗಿ ನಿಲ್ಲುತ್ತದೆ. ಆದ್ದರಿಂದ ಹೆಂಚನ್ನು ತೊಳೆದು, ಒಣಗಿಸಿ, ಹಳೇ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕಾಯಿಸಿ. ಬಿಸಿ ಪೂರಾ ಆರಿದ ಮೇಲೆ ಹತ್ತು ತೊಟ್ಟು ಲವಂಗದೆಣ್ಣೆ ಬಿಟ್ಟು, ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತಬಾರದು.

ಲವಂಗವೇ ಏಕೆಂದರೆ, ಅದರ ಎಣ್ಣೆಯಲ್ಲಿ ಹೆಚ್ಚಿನ ಪಾಲು ಯೂಜಿನಾಲ್ ಎಂಬ ಸತ್ವ. ಹಲ್ಲುನೋವಿಗೆ ಲವಂಗ ಕಚ್ಚಿಕೊಂಡಾಗ ಬಾಯಿ ಜೋಮು ಹಿಡಿಯುವುದು ಅದರಿಂದಲೇ. ಓಮದಲ್ಲಿ ಅದೇ ಬಳಗದ ಥೈಮಾಲ್ ಇದೆ. ಇವೆರಡೂ ಸೂಕ್ಷ್ಮಾಣುಗಳ ಹೊರಪೊರೆಯನ್ನೇ ಕೆಡಿಸುತ್ತವೆ, ಬೂಷ್ಟನ್ನೂ ತಡೆಯುತ್ತವೆ. ನೀಲಗಿರಿ ಎಣ್ಣೆಯನ್ನೂ ಹಾಕಿ ನೋಡಿದ್ದೇನೆ. ಅದು ಬೇಗ ಆವಿಯಾಗುವ ಜಾತಿ, ವಾರದೊಳಗೆ ಖಾಲಿ. ಲವಂಗ ನಿಧಾನದ್ದು. ಮೇಲ್ಮೈಯ ಎಣ್ಣೆ ಆರಿದಂತೆ ಒಳಗಿನದು ಸ್ವಲ್ಪಸ್ವಲ್ಪವೇ ಹೊರಗೆ ಬರುತ್ತದೆ. ನಮ್ಮ ಪುಸ್ತಕದ ಕಪಾಟಿನಲ್ಲಿ ಒಂದು ತಿಂಗಳಾದರೂ ವಾಸನೆ ನಿಲ್ಲುತ್ತದೆ. ಹತ್ತಿಯಲ್ಲಿ ಅದ್ದಿಟ್ಟರೆ ಇಷ್ಟು ದಿನ ಬಾರದು. ಒಮ್ಮೆ ಹಾಗೆ ಇಟ್ಟ ಹತ್ತಿಯುಂಡೆ ಜಾರಿ ನನ್ನ ಧಾರೆಸೀರೆಯ ಸೆರಗಿಗೆ ತಾಗಿತು. ಆ ಕಲೆ ಇವತ್ತಿಗೂ ಹೋಗಿಲ್ಲ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಹೆಂಚನ್ನೂ ಬಟ್ಟೆಯ ಮೇಲೆ ನೇರ ಇಡಬೇಡಿ, ಪಿಂಗಾಣಿ ಬಸಿಯಲ್ಲಿಟ್ಟು ಮೂಲೆಗೆ ಸರಿಸಿ.

ಮುಚ್ಚಿದ ಜಾಗದಲ್ಲಿ ಮಾತ್ರ ಇದು ಕೆಲಸ ಮಾಡುತ್ತದೆ. ತೆರೆದ ಕೋಣೆಯಲ್ಲಿಟ್ಟರೆ ಪರಿಮಳ ಬಂದೀತು, ಅಷ್ಟೇ. ಆಗಲೇ ಬೂಷ್ಟು ಹತ್ತಿದ್ದರೆ ಮೊದಲು ಒರೆಸಿ, ಬಿಸಿಲಿಗೋ ಫ್ಯಾನಿನ ಗಾಳಿಗೋ ಹಿಡಿದು ಒಣಗಿಸಲೇಬೇಕು. ಬೆಳೆದು ನಿಂತ ಬೂಷ್ಟನ್ನು ಹೆಂಚಿನ ಚೂರು ತೆಗೆಯಲಾರದು. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆದಿಡು ಎಂದೂ ಸೊಸೆಗೆ ಹೇಳಿದೆ. ಕೆಲವರು ಇದ್ದಿಲನ್ನೂ ಜೊತೆಗಿಡುತ್ತಾರೆ. ಇದ್ದಿಲಿಗೂ ರಂಧ್ರಗಳಿವೆ, ಆದರೆ ಅದು ವಾಸನೆಯನ್ನು ಎಳೆದು ಹಿಡಿದುಕೊಳ್ಳುವ ವಸ್ತು, ಬಿಟ್ಟುಕೊಡುವುದಲ್ಲ. ಎರಡನ್ನೂ ಒಟ್ಟಿಗಿಟ್ಟರೆ ನಿಮ್ಮ ಲವಂಗದ ಆವಿಯನ್ನೂ ಅದೇ ನುಂಗುತ್ತದೆ.

ಮೊಮ್ಮಕ್ಕಳ ಶಾಲೆಯ ಶೂಗಳಿಗೂ ಇದೇ ಉಪಾಯ. ಒದ್ದೆ ಶೂ ನಾರುವುದು ಬ್ಯಾಕ್ಟೀರಿಯಾದಿಂದ. ಕಾಗದ ತುರುಕಿ ಒಣಗಿಸಿದ ಮೇಲೆ, ಒಂದೆರಡು ತೊಟ್ಟು ಹೀರಿಸಿದ ಸಣ್ಣ ಚೂರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಒಳಗಿಡಿ. ಬೆಳಿಗ್ಗೆ ತೆಗೆಯಲು ಮರೆಯಬೇಡಿ.

ಬಾಣಂತಿ, ಹಸುಗೂಸು ಇರುವ ಮನೆಯವರು ಈ ಮಾತನ್ನು ದಯವಿಟ್ಟು ಕೇಳಿ. ಕೂಸಿನ ಬಟ್ಟೆಯ ಜೊತೆ ನುಸಿಗುಳಿಗೆ ಇಡಬೇಡಿ. ನ್ಯಾಫ್ತಲೀನ್ ಗುಳಿಗೆಯಿಂದ ಕೆಲವು ಮಕ್ಕಳ ರಕ್ತದ ಕೆಂಪುಕಣಗಳು ಒಡೆದು ಪ್ರಾಣಕ್ಕೇ ಕುತ್ತು ಬರುತ್ತದೆ. ಹಾಗೆಂದು ಲವಂಗದೆಣ್ಣೆಯನ್ನೂ ಅಲ್ಲಿಡಬೇಡಿ. ಮಕ್ಕಳು ಕುಡಿದರೆ ಅದೂ ವಿಷವೇ, ಬೆಕ್ಕಿಗೂ ಆಗದು. ಶೀಶೆ ಎತ್ತರದಲ್ಲಿ, ಬೀಗದೊಳಗಿರಲಿ. ಎಳೆಯ ಕೂಸಿನ ಬಟ್ಟೆಯ ಪೆಟ್ಟಿಗೆಗೆ ನಾನು ಹಾಕುವುದು ಒಣಗಿದ ಒಂದು ಹಿಡಿ ಲಾವಂಚದ ಬೇರು ಮಾತ್ರ. ಅದರ ಪರಿಮಳ ಬೇರಿನೊಳಗೇ ಇರುತ್ತದೆ, ನಿಧಾನವಾಗಿ ಬರುತ್ತದೆ, ಮೇಲಿಂದ ಏನೂ ಸುರಿಯಬೇಕಿಲ್ಲ.

ಹೆಂಚಿನ ವಾಸನೆ ಇಳಿದರೆ ಎಸೆಯಬೇಡಿ. ಬಿಸಿನೀರು, ಸೀಗೆಪುಡಿ ಹಾಕಿ ತಿಕ್ಕಿ, ಎರಡು ದಿನ ಒಲೆಯ ದಂಡೆಯಲ್ಲಿ ಒಣಗಿಸಿ, ಮತ್ತೆ ಹತ್ತು ತೊಟ್ಟು ಬಿಡಿ. ನಮ್ಮ ಕಪಾಟಿನ ಚೂರು ಹೋದ ಮಳೆಗಾಲದ್ದೇ.