ಗೆಳೆಯರ ಕ್ವಿಜ್ ರಾತ್ರಿ: ಜಗಳವಾಗದಂತೆ ನಡೆಸುವ ಕ್ರಮ

ನಾಲ್ಕು ಮೇಜು, ಇಪ್ಪತ್ತು ಮಂದಿ ಗೆಳೆಯರು ಮತ್ತು ಐವತ್ತು ಪ್ರಶ್ನೆಗಳಿದ್ದರೆ ಕ್ವಿಜ್ ರಾತ್ರಿ ತಾನಾಗಿಯೇ ನಡೆದುಹೋಗುತ್ತದೆ ಎಂದು ನಂಬಿದವರು ಚಿಕ್ಕಮಗಳೂರಿನಲ್ಲಿ ಬಹಳ ಮಂದಿ ಇದ್ದಾರೆ. ಅಂಥ ಕೂಟಗಳಲ್ಲಿ ಎರಡನೆಯ ಸುತ್ತು ಮುಗಿಯುವ ಹೊತ್ತಿಗೆ ಒಂದು ಮೇಜಿನವರು ಕಾಫಿ ದರದ ಮಾತಿಗೆ ಇಳಿದಿರುತ್ತಾರೆ, ಇನ್ನೊಂದು ಮೇಜಿನವರು ಉತ್ತರ ತಪ್ಪೆಂದು ಫೋನ್ ತೆಗೆದು ತೋರಿಸುತ್ತಿರುತ್ತಾರೆ, ಪ್ರಶ್ನೆ ಕೇಳುವವರು ಮಾತ್ರ ಯಾರೂ ಕಿವಿಗೊಡದ ಹದಿನೇಳನೆಯ ಪ್ರಶ್ನೆಯನ್ನು ಗಟ್ಟಿಯಾಗಿ ಓದುತ್ತಿರುತ್ತಾರೆ. ದೋಷ ಬಹುಪಾಲು ಪ್ರಶ್ನೆಪತ್ರಿಕೆಯಲ್ಲಿಯೇ ಇರುತ್ತದೆ. ಆದ್ದರಿಂದ ಇಲ್ಲಿ ಉಳಿದ ಹಂತಗಳನ್ನು ಚುಟುಕಾಗಿ ಮುಗಿಸಿ, ಪ್ರಶ್ನೆ ಕಟ್ಟುವ ಕೆಲಸವನ್ನು ವಿವರವಾಗಿ ಹೇಳುತ್ತೇನೆ.

ಹಂತ 1: ಜಾಗ ಮತ್ತು ಸಾಮಾನು

ತೋಟದ ಮನೆಯ ಹಜಾರ ಎಲ್ಲಕ್ಕಿಂತ ಉತ್ತಮ. ಐ.ಜಿ. ರಸ್ತೆಯ ಹೋಟೆಲಿನ ಫ್ಯಾಮಿಲಿ ರೂಮ್ ಸಿಕ್ಕರೂ ಆದೀತು, ಆದರೆ ಗೋಡೆಯ ಮೇಲೆ ಟಿವಿ ಇದ್ದು ಅದರಲ್ಲಿ ಕ್ರಿಕೆಟ್ ನಡೆಯುತ್ತಿದ್ದರೆ ಆ ಜಾಗವನ್ನು ಬಿಟ್ಟುಬಿಡಿ. ಪ್ರಶ್ನೆಗಳು ಕಾಗದದ ಮೇಲೆ ಇರಲಿ. ಜುಲೈ ತಿಂಗಳಲ್ಲಿ ಕರೆಂಟನ್ನು ನಂಬಿಕೊಂಡು ಪ್ರೊಜೆಕ್ಟರ್ ಹಚ್ಚುವವರು ಅರ್ಧ ರಾತ್ರಿಯನ್ನು ಟಾರ್ಚ್ ಹುಡುಕುವುದರಲ್ಲಿಯೇ ಕಳೆಯುತ್ತಾರೆ. ಹಾಡು ಕೇಳಿಸಿ ಗುರುತಿಸುವ ಸುತ್ತು ಮಳೆಗಾಲಕ್ಕೆ ಹೇಳಿದ್ದಲ್ಲ, ಏಕೆಂದರೆ ಸಿಮೆಂಟ್ ಶೀಟಿನ ಮೇಲೆ ಬೀಳುವ ಮಳೆಯ ಸದ್ದನ್ನು ಮೀರಿಸುವ ಬ್ಲೂಟೂತ್ ಸ್ಪೀಕರ್ ಕಡಿಮೆ ಬೆಲೆಗೆ ಸಿಗುವುದಿಲ್ಲ. ಫೋನಿನಲ್ಲಿ ಉಚಿತವಾಗಿ ದೊರೆಯುವ ಬಜರ್ ಆ್ಯಪ್‌ಗಳಿಗೂ ಹಣೆಬರಹ ಅದೇ: ಮೊದಲು ಒತ್ತಿದವರು ಯಾರೆಂಬುದನ್ನು ಅವು ನೆಟ್‌ವರ್ಕ್ ನೋಡಿಕೊಂಡು ತೀರ್ಮಾನಿಸುತ್ತವೆ.

ತಿನ್ನಲು ಹುರಿದ ಖಾರದ ಕಡಲೆಬೀಜ ಸಾಕು. ಒಗ್ಗರಣೆ ಮಂಡಕ್ಕಿ ಇಟ್ಟರೆ ಉತ್ತರಪತ್ರಿಕೆಗಳೆಲ್ಲ ಎಣ್ಣೆಯಾಗುತ್ತವೆ. ಕಡುಬು, ಕೋಳಿಸಾರು ಏನಿದ್ದರೂ ಆಟ ಮುಗಿದ ಮೇಲೆ.

ಹಂತ 2: ಆಟದ ಮಾದರಿ

ಬೆಂಗಳೂರಿನಲ್ಲಿ 1983ರಲ್ಲಿ ಆರಂಭವಾದ ಕರ್ನಾಟಕ ಕ್ವಿಜ್ ಅಸೋಸಿಯೇಷನ್‌ನ ಸ್ಪರ್ಧೆಗಳನ್ನು ಕಂಡವರಿಗೆ ಒಂದು ತಂಡ ಬಿಟ್ಟ ಪ್ರಶ್ನೆ ಮುಂದಿನ ತಂಡಕ್ಕೆ ಹೋಗುವ ‘ಬೌನ್ಸ್’ ಪದ್ಧತಿಯೇ ರೂಢಿಯಾಗಿರುತ್ತದೆ. ಅದು ವೇದಿಕೆಗೆ ಚೆನ್ನ, ಗೆಳೆಯರ ಕೂಟಕ್ಕೆ ಬೇಡ, ಏಕೆಂದರೆ ಒಂದು ತಂಡ ಯೋಚಿಸುವಾಗ ಉಳಿದ ಮೂರು ತಂಡಗಳು ಸುಮ್ಮನೆ ಕೂರಬೇಕಾಗುತ್ತದೆ. ಇಂಗ್ಲೆಂಡಿನ ಪಬ್‌ಗಳಲ್ಲಿ 1970ರ ದಶಕದಿಂದ ಬೆಳೆದುಬಂದ ಕ್ರಮವೇ ನಮಗೆ ಸರಿ: ಪ್ರಶ್ನೆ ಎಲ್ಲರಿಗೂ ಒಂದೇ, ಪ್ರತಿ ಮೇಜೂ ತನ್ನೊಳಗೆ ಪಿಸುಮಾತಿನಲ್ಲಿ ಚರ್ಚಿಸಿ ಉತ್ತರ ಬರೆಯುತ್ತದೆ, ಸುತ್ತಿನ ಕೊನೆಗೆ ಹಾಳೆಗಳು ಪಕ್ಕದ ಮೇಜಿಗೆ ಹೋಗಿ ಅಲ್ಲಿ ಅಂಕ ಬೀಳುತ್ತದೆ. ಹತ್ತು ಪ್ರಶ್ನೆಗಳ ನಾಲ್ಕು ಸುತ್ತುಗಳು ಸಾಕು, ಐದನೆಯ ಸುತ್ತಿಗೆ ಯಾರ ತಲೆಯೂ ಓಡುವುದಿಲ್ಲ.

ಹಂತ 3: ತಂಡ

ತಂಡಕ್ಕೆ ನಾಲ್ವರು ಅಥವಾ ಐವರು. ಆರನೆಯವರು ಬಂದ ಕೂಡಲೇ ಮೇಜಿನಲ್ಲಿ ಎರಡು ಗುಂಪುಗಳಾಗುತ್ತವೆ. ಮೇಷ್ಟ್ರುಗಳೆಲ್ಲ ಒಂದು ಕಡೆ, ಪ್ಲಾಂಟರುಗಳೆಲ್ಲ ಒಂದು ಕಡೆ ಕೂರಲು ಬಿಡದೆ ಚೀಟಿ ಎತ್ತಿ ಹಂಚಬೇಕು. ಗಂಡ ಹೆಂಡತಿ ಒಂದೇ ತಂಡದಲ್ಲಿ ಇರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ, ಇದಕ್ಕೆ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉತ್ತರ ಬರೆಯುವ ಪೆನ್ನನ್ನು ಮೇಜಿನಲ್ಲಿ ಅತಿ ಕಡಿಮೆ ಮಾತನಾಡುವವರ ಕೈಗೆ ಕೊಡಿ. ಸರಿ ಉತ್ತರವನ್ನು ಯಾರೋ ಒಬ್ಬರು ಮೊದಲೇ ಮೆಲ್ಲಗೆ ಹೇಳಿದ್ದು, ದೊಡ್ಡ ದನಿಯವರು ಅದನ್ನು ತಳ್ಳಿಹಾಕಿ ಬೇರೆಯದನ್ನು ಬರೆಸಿದ ಸಂದರ್ಭಗಳು ಪ್ರತಿ ಕ್ವಿಜ್‌ನಲ್ಲಿಯೂ ಇರುತ್ತವೆ. ಪೆನ್ನು ಹಿಡಿದವರು ಬಂದ ಊಹೆಗಳನ್ನೆಲ್ಲ ಹಾಳೆಯ ಅಂಚಿನಲ್ಲಿ ಗೀಚಿಟ್ಟುಕೊಂಡು, ಕೊನೆಗೆ ಒಂದನ್ನು ಆರಿಸಿದರೆ ಈ ನಷ್ಟ ತಪ್ಪುತ್ತದೆ.

ಹಂತ 4: ಪ್ರಶ್ನೆ ಕಟ್ಟುವುದು

ಸ್ಪರ್ಧಾತ್ಮಕ ಪರೀಕ್ಷೆಯ ಸಾಮಾನ್ಯ ಜ್ಞಾನದ ಗೈಡನ್ನೋ ವಾಟ್ಸ್ಆ್ಯಪ್‌ನಲ್ಲಿ ಬಂದ ‘ನೂರು ಪ್ರಶ್ನೆ’ಗಳ ಪಿಡಿಎಫನ್ನೋ ತಂದು ಓದಿದರೆ ರಾತ್ರಿ ಕೆಟ್ಟಿತೆಂದೇ ತಿಳಿಯಿರಿ. ಅಂಥ ಪ್ರಶ್ನೆಗಳು ಗೊತ್ತಿದ್ದವರಿಗೆ ಎರಡು ಸೆಕೆಂಡಿನ ಕೆಲಸ, ಗೊತ್ತಿಲ್ಲದವರಿಗೆ ಎಷ್ಟು ಹೊತ್ತು ಕೊಟ್ಟರೂ ವ್ಯರ್ಥ. ಎರಡೂ ಕಡೆ ಚರ್ಚೆಗೆ ಜಾಗವಿಲ್ಲ, ಚರ್ಚೆಯಿಲ್ಲದ ಮೇಲೆ ತಂಡ ಕಟ್ಟಿ ಕೂತದ್ದಕ್ಕೆ ಅರ್ಥವಿಲ್ಲ. ಒಳ್ಳೆಯ ಪ್ರಶ್ನೆಗೆ ಉತ್ತರ ಮೇಜಿನಲ್ಲಿ ಯಾರಿಗೂ ಪೂರ್ತಿ ಗೊತ್ತಿರಬಾರದು, ಆದರೆ ಎಲ್ಲರಿಗೂ ಚೂರುಚೂರು ಗೊತ್ತಿರಬೇಕು.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ‘ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಎಲ್ಲಿದೆ?’ ಎಂದು ಕೇಳಿದರೆ ಪರೀಕ್ಷೆ ಬರೆದವರಷ್ಟೇ ಉತ್ತರಿಸುತ್ತಾರೆ. ಅದೂ ಅಲ್ಲದೆ ಇಸ್ರೋಗೆ ಭೋಪಾಲದಲ್ಲಿಯೂ ಇಂಥದೇ ಕೇಂದ್ರವಿರುವುದರಿಂದ ತಕರಾರಿಗೂ ಅವಕಾಶವಾಯಿತು. ಇದನ್ನೇ ಹೀಗೆ ಕಟ್ಟಿ: ‘ಭೂಸ್ಥಿರ ಉಪಗ್ರಹಗಳ ಕಕ್ಷೆಯನ್ನು ಏರಿಸಿ, ಮುಂದೆ ಅವುಗಳ ಮೇಲೆ ನಿಗಾ ಇಡುವ ಇಸ್ರೋ ಕೇಂದ್ರವೊಂದು 1982ರಲ್ಲಿ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಆರಂಭವಾಯಿತು. ಅದೇ ಊರಿನ ದೇವಿಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ಮಾತ್ರ ತೆರೆಯುತ್ತದೆ. ಯಾವ ಊರು?’ ಈಗ ವಿಜ್ಞಾನ ಓದಿದವರಿಗೆ ಒಂದು ದಾರಿ, ಆಶ್ವಯುಜದಲ್ಲಿ ಹಾಸನಾಂಬೆಯ ದರ್ಶನಕ್ಕೆ ಸಾಲು ನಿಂತವರಿಗೆ ಇನ್ನೊಂದು ದಾರಿ. ಇಬ್ಬರೂ ಮಾತನಾಡಿಕೊಂಡರೆ ಉತ್ತರ ಖಾತ್ರಿಯಾಗುತ್ತದೆ, ಭೋಪಾಲದ ತಕರಾರೂ ಉಳಿಯುವುದಿಲ್ಲ.

ಬಾಬಾಬುಡನ್ ಏಳು ಕಾಫಿ ಬೀಜ ತಂದ ಐತಿಹ್ಯ ಈ ಜಿಲ್ಲೆಯ ಮಕ್ಕಳಿಗೂ ಬಾಯಿಪಾಠವಾಗಿರುವುದರಿಂದ ‘ಎಷ್ಟು ಬೀಜ?’ ಎಂದು ಕೇಳುವುದು ಸಭೆಗೆ ಅವಮಾನ. ‘ಆ ಬೀಜಗಳು ಬಂದವೆನ್ನಲಾದ ಯೆಮೆನ್ ದೇಶದ ಬಂದರಿನ ಹೆಸರು ಇಂದು ಪೇಟೆಯ ಕಾಫಿ ಶಾಪ್‌ಗಳ ಮೆನುವಿನಲ್ಲಿ ಇದೆ, ಯಾವುದು?’ ಎಂದು ಕೇಳಿದರೆ ಮೋಕಾ ಎಂಬ ಉತ್ತರ ಮೇಜಿನ ಮೇಲೆ ನಿಧಾನವಾಗಿ ಹುಟ್ಟುತ್ತದೆ. ಚುನಾವಣೆಯ ಪ್ರಶ್ನೆಗೂ ಇದೇ ನಿಯಮ. 1978ರ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಯಲ್ಲಿ ಗೆದ್ದವರು ಇಂದಿರಾ ಗಾಂಧಿ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಸೋತ ಜನತಾ ಪಕ್ಷದ ಅಭ್ಯರ್ಥಿಯನ್ನು ಕೇಳಿ, ಅವರು 1989ರಲ್ಲಿ ಕಾಂಗ್ರೆಸ್ಸಿನಿಂದಲೇ ಮುಖ್ಯಮಂತ್ರಿಯಾದರು ಎಂಬ ಸುಳಿವನ್ನೂ ಕೊಡಿ. ವೀರೇಂದ್ರ ಪಾಟೀಲರ ಹೆಸರಿಗೆ ತಲುಪಲು ಹಿರಿಯರೂ ಕಿರಿಯರೂ ಒಬ್ಬರಿಗೊಬ್ಬರು ಬೇಕಾಗುತ್ತಾರೆ.

ಇನ್ನು ಉತ್ತರದ ಭದ್ರತೆ. ಅತ್ಯಂತ ಎತ್ತರದ, ಅತ್ಯಂತ ಹಳೆಯ, ಮೊಟ್ಟಮೊದಲ ಎಂಬ ಮಾತುಗಳು ಪ್ರಶ್ನೆಯಲ್ಲಿ ಬಂದಾಗಲೆಲ್ಲ ಎಚ್ಚರವಾಗಿರಬೇಕು. ಮುಳ್ಳಯ್ಯನಗಿರಿ ಕರ್ನಾಟಕದ ಅತ್ಯಂತ ಎತ್ತರದ ಶಿಖರ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದರ ಎತ್ತರವನ್ನು ಒಂದು ಕಡೆ 1,925 ಮೀಟರ್, ಇನ್ನೊಂದು ಕಡೆ 1,930 ಮೀಟರ್ ಎಂದು ಬರೆದಿರುತ್ತಾರಾದ್ದರಿಂದ ಆ ಅಂಕಿಯನ್ನು ಕೇಳಬಾರದು. ಕನ್ನಡದ ಅತಿ ಹಳೆಯ ಶಾಸನ ಯಾವುದೆಂದು ಕೇಳಿದರೆ ಹಲ್ಮಿಡಿ ಎಂದು ಬರೆದವರ ಎದುರಿಗೆ, ತಾಳಗುಂದದ ಸಿಂಹಕಟಾಂಜನ ಶಾಸನ ಇನ್ನೂ ಹಳೆಯದೆಂದು ವಾದಿಸುವವರು ಎದ್ದು ನಿಲ್ಲುತ್ತಾರೆ. ಹಲ್ಮಿಡಿ ಯಾವ ತಾಲ್ಲೂಕಿನಲ್ಲಿದೆ ಎಂದು ಕೇಳಿದರೆ ಬೇಲೂರು ಎಂಬುದು ಒಂದೇ ಉತ್ತರ.

ಎಲ್ಲರೂ ತಪ್ಪುವಂಥ ಪ್ರಶ್ನೆಯನ್ನು ಇಡೀ ರಾತ್ರಿಗೆ ಒಂದೇ ಇಡಬಹುದು, ಅದರ ಮಾತುಗಳನ್ನು ಮಾತ್ರ ತೂಗಿ ಇಡಬೇಕು. ಕುವೆಂಪು ಹುಟ್ಟಿದ ಜಿಲ್ಲೆ ಯಾವುದೆಂದರೆ ಮೂರು ಮೇಜುಗಳು ಕುಪ್ಪಳಿಯನ್ನು ನೆನೆದು ಶಿವಮೊಗ್ಗ ಎಂದು ಬರೆಯುತ್ತವೆ. ಅವರು 1904ರಲ್ಲಿ ಹುಟ್ಟಿದ್ದು ತಾಯಿಯ ತವರಾದ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಅಂದರೆ ಚಿಕ್ಕಮಗಳೂರು ಜಿಲ್ಲೆಯಲ್ಲಿ. ಆದರೆ ಆ ಕಾಲಕ್ಕೆ ಇದು ಕಡೂರು ಜಿಲ್ಲೆಯಾಗಿತ್ತು, ಆ ಸಂಗತಿ ಬಲ್ಲವರು ಒಬ್ಬರಾದರೂ ಸಭೆಯಲ್ಲಿ ಇದ್ದೇ ಇರುತ್ತಾರೆ. ‘ಇಂದಿನ ಯಾವ ಜಿಲ್ಲೆ’ ಎಂಬ ಒಂದು ಪದ ಸೇರಿಸಿದರೆ ಅರ್ಧ ಗಂಟೆಯ ವಾದ ತಪ್ಪುತ್ತದೆ.

ಸ್ಥಳೀಯ ಪ್ರಶ್ನೆಗಳು ಹತ್ತರಲ್ಲಿ ಮೂರನ್ನು ಮೀರಬಾರದು, ಮದುವೆಯಾಗಿ ಬಂದವರೂ ವರ್ಗವಾಗಿ ಬಂದವರೂ ಮೇಜಿನಲ್ಲಿರುತ್ತಾರೆ. ಪ್ರತಿ ಸುತ್ತಿನ ಮೊದಲ ಎರಡು ಪ್ರಶ್ನೆಗಳು ಸುಲಭವಾಗಿರಲಿ: ಯುನೆಸ್ಕೊ ಪಟ್ಟಿಗೆ 2023ರಲ್ಲಿ ಸೇರಿದ ಮೂರು ಹೊಯ್ಸಳ ದೇಗುಲಗಳ ಪೈಕಿ ಹಾಸನ ಜಿಲ್ಲೆಗೆ ಸೇರದ್ದು ಯಾವುದು ಎಂಬುದು ಆ ಜಾಗಕ್ಕೆ ತಕ್ಕದ್ದು, ಉತ್ತರ ಸೋಮನಾಥಪುರ. ಪ್ರಶ್ನೆಗಳೆಲ್ಲ ಸಿದ್ಧವಾದ ಮೇಲೆ ಆಟಕ್ಕೆ ಬಾರದ ಒಬ್ಬರಿಗೆ ಓದಿ ಕೇಳಿಸಿ, ಅವರು ‘ಅಂದರೆ ಏನು?’ ಎಂದು ಕೇಳಿದ ಪ್ರಶ್ನೆಗಳನ್ನು ತಿದ್ದಿ ಬರೆಯಿರಿ. ಈ ಕೆಲಸವನ್ನು ಚಾಟ್‌ಬಾಟ್‌ಗೆ ಒಪ್ಪಿಸಿ ಹಗುರಾಗುವವರು ಅದು ಕೊಟ್ಟ ಪ್ರತಿ ಉತ್ತರವನ್ನೂ ಪುಸ್ತಕದಲ್ಲಿ ನೋಡಿಕೊಳ್ಳಬೇಕು, ಅಷ್ಟು ಶ್ರಮದಲ್ಲಿ ಪ್ರಶ್ನೆಗಳನ್ನು ತಾವೇ ಬರೆಯಬಹುದು.

ಹಂತ 5: ಓದುವುದು

ಸಂಖ್ಯೆ ಹೇಳಿ, ಎರಡು ಸಲ ಓದಿ, ಸುಮ್ಮನಿರಿ. ವಿವರಣೆ ಕೊಡಲು ಹೊರಟರೆ ಉತ್ತರ ಜಾರಿಬೀಳುತ್ತದೆ. ಫೋನುಗಳೆಲ್ಲ ಬಾಗಿಲ ಬಳಿಯ ಬುಟ್ಟಿಯಲ್ಲಿರಲಿ.

ಹಂತ 6: ಅಂಕ ಮತ್ತು ಸರಿಸಮ

ಕಾಗುಣಿತದ ತಪ್ಪಿಗೆ ಅಂಕ ಕಳೆಯಬಾರದು, ಅರ್ಧ ಅಂಕವನ್ನು ಎಲ್ಲಿಯೂ ಕೊಡಬಾರದು. ಅರ್ಧಕ್ಕೆ ಒಪ್ಪಿದರೆ ಮುಂದೆ ಕಾಲು ಅಂಕ ಕೇಳುತ್ತಾರೆ. ಪ್ರಶ್ನೆ ಕಟ್ಟಿದವರ ತೀರ್ಪೇ ಕೊನೆಯದೆಂದು ಮೊದಲೇ ಸಾರಿಬಿಡಿ. ಎರಡು ತಂಡಗಳ ಅಂಕ ಸರಿಸಮವಾದರೆ ಹತ್ತಿರದ ಸಂಖ್ಯೆ ಹೇಳಿದವರಿಗೆ ಗೆಲುವು. ಇದಕ್ಕೆ ಗಾಜಿನ ಲೋಟದಲ್ಲಿ ಹುರಿದ ಕಾಫಿ ಬೀಜ ತುಂಬಿ, ಮೊದಲೇ ಎಣಿಸಿ ಚೀಟಿಯಲ್ಲಿ ಬರೆದು ಮಡಿಸಿಟ್ಟರೆ ಸಾಕು, ಅನುಮಾನ ಬಂದವರು ಅಲ್ಲಿಯೇ ಸುರಿದು ಎಣಿಸಿಕೊಳ್ಳಲಿ.

ಹಂತ 7: ಬಹುಮಾನ

ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ ಕಾರ್ಯಕ್ರಮದಲ್ಲಿ ಪುಸ್ತಕಗಳನ್ನೇ ಕೊಡುತ್ತ ಬಂದಿದ್ದಾರೆ, ಅದಕ್ಕಿಂತ ಒಳ್ಳೆಯ ಬಹುಮಾನ ನನಗೆ ತೋಚುವುದಿಲ್ಲ. ಹಣ ಕಟ್ಟಿ ಆಡುವುದು ಬೇಡವೇ ಬೇಡ. ಗೆದ್ದ ತಂಡಕ್ಕೆ ಪುಸ್ತಕದ ಜೊತೆಗೆ ಮುಂದಿನ ಸಲ ಪ್ರಶ್ನೆ ಕಟ್ಟುವ ಹೊಣೆಯನ್ನೂ ಒಪ್ಪಿಸಿ, ಎಲ್ಲರೂ ಕೊಡೆ ಹುಡುಕಲು ಏಳುವ ಮೊದಲೇ ದಿನಾಂಕ ಗೊತ್ತುಮಾಡಿಕೊಳ್ಳಬೇಕು. ಆ ದಿನಾಂಕ ಅಕ್ಟೋಬರ್ ದಾಟದಿರಲಿ, ಏಕೆಂದರೆ ಕಾಫಿ ಕುಯ್ಲು ಶುರುವಾದ ಮೇಲೆ ಕಣದಲ್ಲಿ ಬೀಜ ಹರಡಿಕೊಂಡು ಕೂತವರು ಫೆಬ್ರುವರಿಯವರೆಗೆ ಯಾವ ಆಟಕ್ಕೂ ಸಿಗುವುದಿಲ್ಲ.