ನಿಮ್ಮ ಪುಟಕ್ಕೆ ನಿಮ್ಮದೇ ಪುಟ ಅಡ್ಡಗಾಲು

ಮಾಟುಂಗದಲ್ಲಿ ಮದುವೆ, ಉಪನಯನಗಳ ಅಡುಗೆ ವಹಿಸಿಕೊಳ್ಳುವ ಹಿರಿಯರೊಬ್ಬರು ಫೋನು ಮಾಡಿ, "ಮಾರಾಯಾ, ಜಾಲತಾಣಕ್ಕೆ ಹನ್ನೊಂದು ಪುಟ ಹಾಕಿಸಿದ್ದೇನೆ. ಗೂಗಲ್‌ನಲ್ಲಿ ಒಂದೂ ಮೇಲೆ ಬರುವುದಿಲ್ಲ" ಎಂದರು. ತೆರೆದು ನೋಡಿದೆ. ಮಾಟುಂಗ ಕೇಟರಿಂಗ್, ಮಾಟುಂಗದ ಮದುವೆ ಊಟ, ಮುಂಬೈಯ ಉಡುಪಿ ಊಟ ಎಂದೆಲ್ಲ ಹೆಸರಿಟ್ಟ ಐದು ಪುಟಗಳಲ್ಲಿ ಇದ್ದದ್ದು ಒಂದೇ ಮಾತು. ಒಂದೇ ಎಲೆಗೆ ಐದು ಮಂದಿ ಸಾರಿನ ಸೌಟು ಹಿಡಿದು ಬಂದ ಹಾಗೆ! ಯಾವುದನ್ನು ಮುಂದೆ ಮಾಡಬೇಕೆಂದು ಗೂಗಲ್‌ಗೆ ತಿಳಿಯದೆ ಒಂದು ವಾರ ಇದು, ಮರುವಾರ ಅದು. ಹೊರಗಿನವರು ಕೊಟ್ಟ ಕೊಂಡಿಗಳೂ ಐದು ಪಾಲಾಗಿದ್ದವು. ಈ ಕಸುಬಿನವರು ಇದನ್ನು ಕೀವರ್ಡ್ ಕ್ಯಾನಿಬಲೈಸೇಶನ್ ಎನ್ನುತ್ತಾರೆ.

ಮೊದಲು ಜಗಳ ಎಲ್ಲಿದೆ ಎಂದು ಪತ್ತೆಮಾಡಿ. ನಿಮ್ಮ ತಾಣ ಗೂಗಲ್ ಹುಡುಕಾಟದಲ್ಲಿ ಹೇಗೆ ಕಾಣಿಸಿಕೊಳ್ಳುತ್ತಿದೆ ಎಂದು ತೋರಿಸುವ ಗೂಗಲ್‌ನದೇ ಸಾಧನ, ಗೂಗಲ್ ಸರ್ಚ್ ಕನ್ಸೋಲ್, ಉಚಿತ. ಅದು ಸಾಕು, ದುಬಾರಿ ಸಾಧನ ಕೊಳ್ಳಬೇಡಿ. ಪರ್ಫಾರ್ಮೆನ್ಸ್ ವರದಿಯಲ್ಲಿ 16 ತಿಂಗಳ ಲೆಕ್ಕ ಸಿಗುತ್ತದೆ. ನಾನು ಮೂರು ತಿಂಗಳದ್ದನ್ನು ನೋಡುತ್ತೇನೆ. ಜನ ಹುಡುಕಿದ ಒಂದು ಪದಗುಚ್ಛವನ್ನು ಒತ್ತಿ, ಪಕ್ಕದ ಪೇಜಸ್ ಪಟ್ಟಿಗೆ ಹೋಗಿ. ಒಂದು ಪುಟ ಒಂಬೈನೂರು ಬಾರಿ, ಇನ್ನೊಂದು ಆರು ಬಾರಿ ಕಾಣಿಸಿಕೊಂಡಿದ್ದರೆ ಸುಮ್ಮನೆ ಬಿಡಿ. ನಾನೂರು, ಮುನ್ನೂರೈವತ್ತು ಎಂದಿದ್ದರೆ ವರದಿಯ ನಕ್ಷೆಯಲ್ಲಿ ಒಂದೊಂದೇ ಪುಟದ ಗೆರೆ ನೋಡಿ: ಒಂದು ಏರಿದಾಗ ಇನ್ನೊಂದು ಇಳಿಯುತ್ತಿದ್ದರೆ ಅಲ್ಲೇ ಇದೆ ಜಗಳ. ನಿಮ್ಮ ಅಂಗಡಿಯ ಹೆಸರನ್ನೇ ಹುಡುಕಿದಾಗ ನಾಲ್ಕು ಪುಟ ಬಂದರೆ ಮಾತ್ರ ಗಾಬರಿ ಬೇಡ, ಅದು ಸಹಜ.

ಈಗ ಎಲ್ಲರೂ ಎಡವುವ ಜಾಗ: ಯಾವುದನ್ನು ಉಳಿಸುವುದು? ಹೊಸದು ಚೆಂದ ಕಾಣುತ್ತದೆ ಎಂದು ಹಳೆಯದನ್ನು ಅಳಿಸುವವರೇ ಹೆಚ್ಚು. ದಯವಿಟ್ಟು ಅಳಿಸಬೇಡಿ. ಹೆಚ್ಚು ಕ್ಲಿಕ್ ಬಂದದ್ದು ಯಾವುದು, ಹೊರಗಿನ ತಾಣಗಳು ಕೊಂಡಿ ಕೊಟ್ಟದ್ದು ಯಾವುದಕ್ಕೆ ಎಂದು ನೋಡಿ. ಎರಡೂ ಸಮವಾಗಿದ್ದರೆ ನನ್ನ ಮತ ಹಳೆಯ ವಿಳಾಸಕ್ಕೆ. ವಿಳಾಸದಲ್ಲಿ ಇಸವಿ ಸೇರಿಸಿದ್ದರೆ ಆ ಪುಟವನ್ನು ನಾನು ಆರಿಸುವುದೇ ಇಲ್ಲ, ಬರುವ ಜನವರಿಗೆ ಅದು ತಂಗಳು. ಹುಡುಕುವವರ ಮನಸ್ಸನ್ನೂ ತೂಗಿ ನೋಡಿ. 'ಇನ್ನೂರು ಜನರ ಊಟಕ್ಕೆ ಎಷ್ಟಾಗುತ್ತದೆ' ಎಂದು ಕೇಳುವವರಿಗೆ ದರ ಬೇಕು, 'ಮದುವೆ ಊಟದಲ್ಲಿ ಏನೇನು ಬಡಿಸುತ್ತಾರೆ' ಎನ್ನುವವರಿಗೆ ಪಟ್ಟಿ ಬೇಕು. ಪದಗಳು ಹತ್ತಿರದವಾದರೂ ಇವು ಎರಡು ಪ್ರಶ್ನೆ. ಎರಡು ಪುಟ ಇರಲಿ. ನಮ್ಮ ಹಿರಿಯರ ಐದರಲ್ಲಿ ಹೀಗೆ ಉಳಿದದ್ದು ಎರಡು.

ಕೈಬಿಡುವ ಪುಟದಲ್ಲಿ ಒಳ್ಳೆಯ ಸರಕು ಇದ್ದರೆ ಮೊದಲು ಅದನ್ನು ಉಳಿಯುವ ಪುಟಕ್ಕೆ ಸಾಗಿಸಿ. ಹಯಗ್ರೀವದ ಚಿತ್ರ, ಗ್ರಾಹಕರ ಮೆಚ್ಚುಗೆ ಮಾತು, ಬೆಳಗಿನ ಉಪಾಹಾರದ ವಿವರ, ಯಾವುದನ್ನೂ ಕಳೆಯಬೇಡಿ. ಆಮೇಲೆ ಕೈಬಿಡುವ ಪುಟದ ವಿಳಾಸದಿಂದ ಉಳಿಯುವ ಪುಟದ ವಿಳಾಸಕ್ಕೆ 301 ಮರುನಿರ್ದೇಶನ ಹಾಕಿಸಿ, ಅಂದರೆ ಅಲ್ಲಿಗೆ ಬಂದವರನ್ನು ತಾನಾಗಿ ಇಲ್ಲಿಗೆ ಕಳುಹಿಸುವ ಏರ್ಪಾಡು. ಇದು ಶಾಶ್ವತ ವರ್ಗಾವಣೆ. 302 ತಾತ್ಕಾಲಿಕದ್ದು, ಅದು ಬೇಡ. ಪ್ರತಿ ಪುಟವನ್ನೂ ಅದಕ್ಕೆ ಹೊಂದುವ ಪುಟಕ್ಕೇ ಕಳುಹಿಸಿ. ಇಲ್ಲದ ಪುಟಗಳನ್ನೆಲ್ಲ ಮುಖಪುಟಕ್ಕೆ ತಳ್ಳುವ ಪ್ಲಗಿನ್‌ಗಳಿವೆ (ತಾಣಕ್ಕೆ ಜೋಡಿಸುವ ಸಣ್ಣ ತಂತ್ರಾಂಶಗಳು), ಅವುಗಳ ಸಹವಾಸ ಬೇಡ: ಅಂಥ ವರ್ಗಾವಣೆಯನ್ನು ಗೂಗಲ್ 'ಪುಟವಿಲ್ಲ' ಎಂದೇ ಲೆಕ್ಕ ಹಾಕಬಹುದು, ಬಂದ ಗ್ರಾಹಕನೂ ಕಕ್ಕಾಬಿಕ್ಕಿ.

ಎರಡೂ ಪುಟ ಬೇಕೇ ಬೇಕು ಎಂದಾದರೆ, ಉದಾಹರಣೆಗೆ ಮುದ್ರಣಕ್ಕೆಂದು ಮಾಡಿದ ಇನ್ನೊಂದು ಪ್ರತಿ, ಕೆನಾನಿಕಲ್ ಟ್ಯಾಗ್ ಇದೆ: ಎರಡರಲ್ಲಿ ಮುಖ್ಯವಾದದ್ದು ಯಾವುದೆಂದು ಪುಟದ ಕೋಡಿನಲ್ಲಿ ಬರೆದಿಡುವ ಗುರುತು. ಗೂಗಲ್, ಯಾಹೂ, ಮೈಕ್ರೋಸಾಫ್ಟ್ 2009ರಲ್ಲಿ ಒಟ್ಟಾಗಿ ಇದನ್ನು ತಂದವು. ಆದರೆ ಗೂಗಲ್‌ಗೆ ಇದು ಸೂಚನೆ ಮಾತ್ರ, ಅಪ್ಪಣೆಯಲ್ಲ. ಎರಡು ಪುಟಗಳು ತೀರಾ ಬೇರೆಯಾಗಿದ್ದರೆ ಅದು ಕಿವಿಗೆ ಹಾಕಿಕೊಳ್ಳುವುದಿಲ್ಲ. ಲೇಖನಗಳಿಗೆ ಅಂಟಿಸಿದ ವಿಷಯದ ಹೆಸರಿನಿಂದ ತಾನಾಗಿ ಹುಟ್ಟುವ ಖಾಲಿ ಟ್ಯಾಗ್ ಪುಟಗಳಿಗೆ ನೋಇಂಡೆಕ್ಸ್ ಸಾಕು, ಅಂದರೆ 'ಈ ಪುಟವನ್ನು ಹುಡುಕಾಟದಲ್ಲಿ ತೋರಿಸಬೇಡ' ಎಂದು ಪುಟದೊಳಗೆ ಇಡುವ ಸೂಚನೆ. ಅದೇ ಪುಟವನ್ನು, ಗೂಗಲ್‌ನ ಯಂತ್ರ ಎಲ್ಲಿಗೆ ಬರಬಾರದು ಎಂದು ಹೇಳುವ ರೋಬಾಟ್ಸ್ ಕಡತದಲ್ಲೂ ತಡೆಯಬೇಡಿ. ಬಾಗಿಲು ಮುಚ್ಚಿದ ಮೇಲೆ ಒಳಗೆ ಅಂಟಿಸಿದ ಚೀಟಿಯನ್ನು ಓದುವವರು ಯಾರು?

ಡೊಂಬಿವಲಿ, ಠಾಣೆ, ಮುಲುಂಡ್ ಎಂದು ಊರಿನ ಹೆಸರು ಮಾತ್ರ ಬದಲಿಸಿ ಇಪ್ಪತ್ತು ಪುಟ ಮಾಡಿಕೊಡುವವರು ಈಗ ಧಾರಾಳ. ಹಣ ಕೊಡಬೇಡಿ. ಅಂಥವನ್ನು ಗೂಗಲ್ ಡೋರ್‌ವೇ ಪುಟ ಎಂದು ಕರೆದು ಸ್ಪ್ಯಾಮ್ ಸಾಲಿಗೆ ಸೇರಿಸಿದೆ.

ತಾಣದೊಳಗಿನ ಕೊಂಡಿಗಳನ್ನೂ ಸೈಟ್‌ಮ್ಯಾಪನ್ನೂ (ಗೂಗಲ್‌ಗೆ ಕೊಡುವ ಪುಟಗಳ ಪಟ್ಟಿ) ಉಳಿದ ಪುಟಕ್ಕೆ ತಿರುಗಿಸಿ.

ಮರುದಿನವೇ ಸ್ಥಾನ ನೋಡಲು ಕೂರಬೇಡಿ, ಕೆಲವು ವಾರ ಹಿಡಿಯುತ್ತದೆ. ಮರುನಿರ್ದೇಶನವನ್ನು ಕನಿಷ್ಠ ಒಂದು ವರ್ಷ ಇಟ್ಟಿರಿ ಎನ್ನುತ್ತದೆ ಗೂಗಲ್. ನಾನು ತೆಗೆಯುವುದೇ ಇಲ್ಲ. ಆ ಹಿರಿಯರು ಹಂಚಿದ ಕಾರ್ಡುಗಳ ಬೆನ್ನಿಗಿದ್ದ ಕ್ಯೂಆರ್ ಕೋಡ್ ನಾವು ಬೀಳಿಸಿದ ಪುಟದ್ದೇ ಆಗಿತ್ತು. "ಇನ್ನೂ ಎರಡು ಕಟ್ಟು ಕಾರ್ಡು ಉಳಿದಿದೆಯಲ್ಲ!" ಎಂದು ತಲೆಯ ಮೇಲೆ ಕೈ ಹೊತ್ತರು. ಅವರ ಮೊಬೈಲಿನಲ್ಲೇ ಸ್ಕ್ಯಾನ್ ಮಾಡಿಸಿದೆ, ನೇರ ದರದ ಪುಟ ತೆರೆಯಿತು.